ಆಷಾಢ ಮುಗಿಯಲೆಂದು ಕಾದ ಹಾಡು

ಕಳೆದ ವಾರ ಕುವೈತಿನ ಮೈದಾನ್ ಹವಲ್ಲಿಯಲ್ಲಿ ಮಗಳ ಕನ್ನಡಕ ರಿಪೇರಿಗೆ ಕೊಟ್ಟು ಬರುವಾಗ, ಯಾಕೆಂದು ಗೊತ್ತಿಲ್ಲ, ಹಳೆಯ ಕಟ್ಟಡದ ಬೇಸ್‌ಮೆಂಟಿಗೆ ಇಳಿದೆ. ಒಂದು ಕಾಲದಲ್ಲಿ ನಾನು ಬಾಡಿಗೆಗೆ ಹಿಡಿದಿದ್ದ ಕೋಣೆಯಲ್ಲಿ ಈಗ ಬಂಗಾಳಿಯೊಬ್ಬ ಕಿಟಕಿ ಪರದೆ ಹೊಲಿಯುತ್ತಾನೆ. ಗೋಡೆಗೆ ಸದ್ದು ತಡೆಯಲೆಂದು ನಾನೇ ಕೂತು ಅಂಟಿಸಿದ್ದ ಫೋಮನ್ನು ಅವನು ಕಿತ್ತು ಹಾಕಿದ್ದಾನೆ, ಆದರೆ ಗೋಂದು ಹೋಗಿಲ್ಲ. ಎಸಿ ನಿಂತ ಸೆಕೆಯಲ್ಲಿ ಆ ಗೋಂದಿನ ವಾಸನೆ ಮೂಗಿಗೆ ಬಡಿಯಿತು, ಬಾಗಿಲಲ್ಲೇ ನಿಂತುಬಿಟ್ಟೆ. “ಕ್ಯಾ ಚಾಹಿಯೇ ಭಾಯಿ?” ಎಂದು ಅವನು ಹೊಲಿಗೆ ನಿಲ್ಲಿಸಿ ಕೇಳಿದ. ಏನೂ ಬೇಡವೆಂದು ಕೈಯಾಡಿಸಿ ಮೆಟ್ಟಿಲು ಹತ್ತಿದೆ. ಪೀಟರ್ ಮಾಮ್ ಬಾಯಿ ಮುಚ್ಚಿ ಕೂತ ಆ ಬೇಸಿಗೆ ನನ್ನನ್ನು ಇನ್ನೂ ಬಿಟ್ಟಿಲ್ಲ.

ಆಗ ನಾನು ವಾರದ ದಿನಗಳಲ್ಲಿ ಒಂದು ಟ್ರೇಡಿಂಗ್ ಕಂಪೆನಿಯ ಆಫೀಸಿನಲ್ಲಿ ದುಡಿದು, ಶುಕ್ರವಾರ ಶನಿವಾರ ಆ ಕೋಣೆಯಲ್ಲಿ ರೆಕಾರ್ಡಿಂಗ್ ಮಾಡುತ್ತಿದ್ದೆ. ನಮ್ಮ ಕರಾವಳಿಯ ಬ್ಯಾರಿ ಮುಸ್ಲಿಮರ ಮದುವೆ ಹಾಡು, ಅತ್ತರಿನ ಅಂಗಡಿಯ ಜಾಹೀರಾತು, ಶಾಲೆಯ ವಾರ್ಷಿಕೋತ್ಸವದ ನಾಟಕದ ಧ್ವನಿ, ಬಂದದ್ದೆಲ್ಲ ನಡೆಯುತ್ತಿತ್ತು. ನನ್ನ ಹೆಂಡತಿ ಅದನ್ನು ನನ್ನ ಗುಹೆ ಎನ್ನುತ್ತಿದ್ದಳು. ಅಂಥ ಗುಹೆಗೆ ಒಂದು ದಿನ ಅಹ್ಮದಿ ಪಟ್ಟಣದಿಂದ ದೇಸಾಯರು ಬಂದರು. ಹುಬ್ಬಳ್ಳಿ ಕಡೆಯವರು, ತೈಲ ಕಂಪೆನಿಯಲ್ಲಿ ಇಂಜಿನಿಯರ್, ಇಸ್ತ್ರಿ ಮಾಡಿದ ಅಂಗಿ, ಹಣೆಯಲ್ಲಿ ಸಣ್ಣ ಕುಂಕುಮ. ಕುವೈತಿನ ಕನ್ನಡಿಗರೇ ಸೇರಿ ಒಂದು ಸಿನಿಮಾ ಮಾಡಿದ್ದಾರೆ, ಅದರ ಹಾಡುಗಳ ಆಲ್ಬಮ್ ನಾನು ಮಾಡಿಕೊಡಬೇಕು ಎಂದರು. ಎಂಥ ಹಾಡು ಎಂದು ಕೇಳಿದೆ. “ಸಾಲ್ಸಾ ಅಂತಾರಲ್ಲ, ಅದ್ರೀ,” ಎಂದರು. ಇವರಿಗೆಲ್ಲಿ ತಲೆ ಕೆಟ್ಟಿತು ಎಂದುಕೊಂಡೆ.

ಕಥೆ ಕೇಳಿದ ಮೇಲೆ ಕೆಟ್ಟದ್ದು ನನ್ನ ತಲೆ. ಸಿನಿಮಾ ಇದ್ದದ್ದು ಎಲ್ಲರೂ ಮಾಮ್, ಎಂದರೆ ಮಾವ, ಎಂದು ಕರೆಯುತ್ತಿದ್ದ ಪೀಟರ್ ಎಂಬ ಮಂಗಳೂರಿನ ಕೊಂಕಣಿ ಹಾಡುಗಾರನ ಮೇಲೆ. ಇರಾಕಿನ ಸೈನ್ಯ ನುಗ್ಗುವುದಕ್ಕೆ ಮೊದಲು ಅವರು ಶುಐಬಾ ಬಂದರಿನಲ್ಲಿ ಕ್ಲರ್ಕ್ ಆಗಿದ್ದರು. ದೂರದ ಅಮೆರಿಕ ಖಂಡದ ಹಡಗುಗಳ ನಾವಿಕರು ಕೊಟ್ಟ ಕ್ಯಾಸೆಟ್‌ಗಳಿಂದ ಸಾಲ್ಸಾ ಎಂಬ ಅಲ್ಲಿಯ ಕುಣಿತದ ಹಾಡು ಕಲಿತು, ಗೋವಾದವರು, ಫಿಲಿಪಿನೋಗಳು ಸೇರಿದ ಬ್ಯಾಂಡಿನಲ್ಲಿ ವಾರವಾರ ಹಾಡುತ್ತಿದ್ದರು. ಸಾಲ್ಸಾದ ಕೊನೆಯ ಭಾಗದಲ್ಲಿ ಕೋರಸ್ ಒಂದೇ ಸಾಲನ್ನು ಮತ್ತೆಮತ್ತೆ ಹೇಳುತ್ತದೆ. ಎರಡು ಕೋರಸ್ ನಡುವೆ ಒಂದಿಷ್ಟು ಜಾಗ ಖಾಲಿ ಇರುತ್ತದೆ. ಆ ಜಾಗದಲ್ಲಿ ಹಾಡುಗಾರ ನಿಂತ ನಿಲುವಿನಲ್ಲೇ ಹೊಸ ಮಾತು ಕಟ್ಟಿ ಹಾಡಬೇಕು. ಪೀಟರ್ ಮಾಮ್ ಅಲ್ಲಿ ಕನ್ನಡ, ಕೊಂಕಣಿ, ತುಳು ಎಲ್ಲ ತುಂಬುತ್ತಿದ್ದರಂತೆ. ವೀಸಾ ಕೊಟ್ಟ ಧಣಿ ಕಫೀಲನ ಕೋಪ, ಊರಿನ ತಂಗಿಯ ಮದುವೆ, ಎದುರಿಗೆ ಕೂತವನ ಹರಿದ ಚಪ್ಪಲಿ, ಯಾವುದನ್ನೂ ಬಿಡುತ್ತಿರಲಿಲ್ಲ. ಜನ ನಕ್ಕು, ನಗುತ್ತಲೇ ಕಣ್ಣೊರೆಸಿಕೊಳ್ಳುತ್ತಿದ್ದರು ಎಂದು ಹಳಬರು ಈಗಲೂ ಹೇಳುತ್ತಾರೆ. ಯುದ್ಧ ಬಂದಾಗ ಎಲ್ಲರ ಹಾಗೆ ಅವರೂ ಒಂದು ಬ್ಯಾಗಿನೊಡನೆ ಜೋರ್ಡಾನ್ ದಾರಿ ಹಿಡಿದರು. ಮನೆಯಲ್ಲಿದ್ದ ಟೇಪುಗಳೆಲ್ಲ ಲೂಟಿಯಲ್ಲಿ ಹೋದವು. ತಿರುಗಿ ಬಂದ ಮೇಲೆ ವೇದಿಕೆ ಹತ್ತಲಿಲ್ಲ. ಹಾಗಾಗಿ ಅವರ ದನಿ ಇಡೀ ಪ್ರಪಂಚದಲ್ಲಿ ಎಲ್ಲಿಯೂ ಉಳಿದಿರಲಿಲ್ಲ, ಅವರ ಗಂಟಲಿನಲ್ಲಿ ಬಿಟ್ಟರೆ.

ಮತ್ತು ಆ ಗಂಟಲಿಗೆ ರೋಗ ಹಿಡಿದಿತ್ತು. ಧ್ವನಿಪೆಟ್ಟಿಗೆಯಲ್ಲಿ ಗಡ್ಡೆ. ಆಗಸ್ಟ್ ಕೊನೆಗೆ ಆಪರೇಷನ್, ಪೆಟ್ಟಿಗೆ ಇಡಿಯಾಗಿ ತೆಗೆಯುತ್ತಾರೆ, ಆಮೇಲೆ ಮಾತೂ ಇಲ್ಲ, ಹಾಡೂ ಇಲ್ಲ. ಇದನ್ನು ನನ್ನ ಕೋಣೆಯಲ್ಲಿ ಕೂತು ಹೇಳುವಾಗ, ಪೀಟರ್ ಮಾಮ್ ಅವರನ್ನು ಗುರುಗಳು ಎಂದೇ ಕರೆಯುತ್ತಿದ್ದ ದೇಸಾಯರ ಕಣ್ಣು ತುಂಬಿತ್ತು. ಹಾಡುಗಳನ್ನೆಲ್ಲ ದೇಸಾಯರ ಮಗಳು ಅನಘಾ ಹಾಡುವುದು, ಕೊನೆಯ ಹಾಡಿನ ಖಾಲಿ ಜಾಗಗಳನ್ನು ಮಾತ್ರ ಪೀಟರ್ ಮಾಮ್ ತಮ್ಮದೇ ದನಿಯಲ್ಲಿ ತುಂಬುವುದು ಎಂದು ತೀರ್ಮಾನವಾಗಿತ್ತು. ಅದಿಲ್ಲದಿದ್ದರೆ ಆಲ್ಬಮ್ಮೇ ಬೇಡ ಎಂದರು ದೇಸಾಯರು.

ಮೇ ತಿಂಗಳಲ್ಲಿ ಪೀಟರ್ ಮಾಮ್ ಮೊದಲ ಸಲ ಕೋಣೆಗೆ ಬಂದರು. ಉದ್ದಕ್ಕೆ ಒಣಗಿದ ದೇಹ, ಕುತ್ತಿಗೆಗೆ ಆ ಸೆಕೆಯಲ್ಲೂ ಕರ್ಚೀಫು. ಜೊತೆಗೆ ಹೆಂಡತಿ ಲಿಲ್ಲಿ ಬಾಯಿ, ಒಂದು ಕ್ಲಿನಿಕ್ಕಿನಲ್ಲಿ ನರ್ಸು. ದೇಸಾಯರ ಜೊತೆ ಬಂದಿದ್ದ ಅನಘಾ ಆಗಷ್ಟೇ ಹನ್ನೆರಡನೆಯ ತರಗತಿ ಮುಗಿಸಿದ್ದಳು. ಕನ್ನಡ ಹೇಳಿದರೆ ತಿಳಿಯುತ್ತಿತ್ತು, ಉತ್ತರ ಮಾತ್ರ ಇಂಗ್ಲಿಷಿನಲ್ಲಿ. ಆದರೆ ದನಿ ಇತ್ತು ಹುಡುಗಿಗೆ.

“ತಾಳದ ಮೇಲೆ ಹತ್ತಿ ಕೂತುಕೊಳ್ಬೇಡ ಮಗಾ. ಅದರ ಪಕ್ಕದಲ್ಲಿ ನಡಿ, ಜಗಳ ಆದ ಗಂಡ ಹೆಂಡ್ತಿ ನಡೆಯುವ ಹಾಗೆ,” ಎಂದರು ಪೀಟರ್ ಮಾಮ್.

“ಲೈಕ್ ಅಮ್ಮ ಆ್ಯಂಡ್ ಅಪ್ಪ,” ಎಂದಳು ಅವಳು. ದೇಸಾಯರೂ ನಕ್ಕರು.

ನಾನಿನ್ನೂ ಮೈಕಿಗೆ ವಯರು ಜೋಡಿಸುತ್ತಿದ್ದೆ. ಅಷ್ಟರಲ್ಲಿ ತುತ್ತೂರಿ ಊದುವ ಫಿಲಿಪಿನೋ ಒಂದೆರಡು ಸ್ವರ ಬಿಟ್ಟ. ಅನಘಾ ಕೋರಸ್ ಹೇಳಿದಳು: “ಹಡಗು ಬಂತು, ನೀನೆಲ್ಲಿ?” ಪೀಟರ್ ಮಾಮ್ ಕಣ್ಣು ಮುಚ್ಚಿ ಖಾಲಿ ಜಾಗಕ್ಕೆ ನುಗ್ಗಿದರು. ಹಂಝನ ಕೋಣೆಯಲ್ಲಿ ಗಾಳಿಯಿಲ್ಲ, ಗಾಳಿ ಬೇಡ, ಚಾ ಆದರೂ ತರಿಸು ಎಂದು ಹಾಡಿದರು. ಹಂಝ ಎಂದರೆ ನಾನು. ದನಿ ಒಡಕಾಗಿತ್ತು, ಕೆಳಗಿನ ಸ್ವರಗಳಲ್ಲಿ ಮರಳು ಇತ್ತು. ಆದರೆ ಮೇಲಕ್ಕೆ ಹೋದಾಗ ಅದು ಎಲ್ಲಿಂದ ಬಂತೋ, ನನ್ನ ಕೈಯಲ್ಲಿದ್ದ ವಯರು ಕೈಯಲ್ಲೇ ಉಳಿಯಿತು. ತುತ್ತೂರಿಯವನು ಊದುವುದನ್ನು ಬಿಟ್ಟು ನಕ್ಕ. ನನಗೆ ಮಾತ್ರ ಯಾಕೋ ನಗು ಬರಲಿಲ್ಲ, ಹೆದರಿಕೆಯಾಯಿತು.

“ಬರುವ ಶುಕ್ರವಾರವೇ ನಿಮ್ಮ ಸ್ವರ ಹಿಡಿದು ಬಿಡುವ,” ಎಂದೆ. ಆದರೆ ಕೊನೆಯ ಹಾಡಿನ ವಾದ್ಯ, ಕೋರಸ್ಸು ಎಲ್ಲ ಮುಗಿದ ಮೇಲೆಯೇ ತಾವು ಹಾಡುವುದು ಎಂದು ಪೀಟರ್ ಮಾಮ್ ಹಟ ಹಿಡಿದರು. ಪೂರಾ ಬ್ಯಾಂಡು ಕಿವಿಯಲ್ಲಿ ಕೇಳದೆ ಮಾತು ಹುಟ್ಟುವುದಿಲ್ಲ ಎಂದರು. ಮೊಬೈಲಿನಲ್ಲಾದರೂ ಹಿಡಿದಿಡುತ್ತೇನೆ ಎಂದರೆ ಸಿಟ್ಟು ಬಂತು. “ಎಂತ ಮಾರಾಯ, ನಾನು ಕುರಿ ಮಾರುವವನಾ? ಮೊಬೈಲಲ್ಲಿ ಬೊಬ್ಬೆ ಹೊಡಿಲಿಕ್ಕೆ?” ಸರಿ ಎಂದು ಸುಮ್ಮನಾದೆ. ವಾದ್ಯದವರು ಸಿಗುವುದು ರಜೆಯ ದಿನ ಮಾತ್ರ. ಕೊನೆಯ ಹಾಡು ಸಿದ್ಧವಾಗುವಾಗ ಜೂನ್ ಅರ್ಧ ದಾಟಿತ್ತು. ಅದನ್ನು ಫೋನಿನಲ್ಲಿ ದೇಸಾಯರಿಗೆ ಹೇಳಿದೆ, ನಾಳಿದ್ದು ಶುಕ್ರವಾರ ಕರೆದುಕೊಂಡು ಬನ್ನಿ ಎಂದೆ.

“ಹಂಝಾ ಭಾಯಿ, ನಾಳಿದ್ದರಿಂದ ಆಷಾಢ ಹತ್ತತೈತ್ರಿ,” ಎಂದರು ಅವರು.

“ಹತ್ತಲಿ, ಅದಕ್ಕೆಂತ?”

“ಹಂಗಲ್ರಿ. ಗುರುಗಳ ಧ್ವನಿ ಶುರು ಮಾಡೂದು ಅಂದ್ರ ಸಣ್ಣ ಮಾತಲ್ಲ. ಆಷಾಢದಾಗ ಒಳ್ಳೇ ಕೆಲಸ ಶುರು ಮಾಡಬಾರದು. ಶ್ರಾವಣ ಬರ್ಲಿ, ಮೊದಲನೇ ಶುಕ್ರವಾರ ದೀಪ ಹಚ್ಚಿ, ಕಾಯಿ ಒಡದು ಮಾಡೂಣು. ಆಪರೇಷನ್ನಿಗೂ ಶುಭ ಆಕ್ಕೈತಿ.”

ನಾನು ಸಿಟ್ಟಿನ ಮನುಷ್ಯ, ಒಪ್ಪಿಕೊಳ್ಳುತ್ತೇನೆ. ಕುವೈತಿನ ಬೇಸ್‌ಮೆಂಟಿಗೆ ಯಾವ ಆಷಾಢ, ಇಲ್ಲಿ ಮಳೆಯೂ ಇಲ್ಲ, ಗದ್ದೆಯೂ ಇಲ್ಲ ಎಂದು ಕೂಗಿದೆ. ನಮ್ಮ ಊರಿನಲ್ಲೂ ಆಟಿ ತಿಂಗಳು ಎಂದು ಮದುವೆ ಮುಂದೆ ಹಾಕುತ್ತಾರೆ, ಆದರೆ ಆಸ್ಪತ್ರೆಗೆ ಹೋಗುವುದನ್ನು ಯಾರೂ ಮುಂದೆ ಹಾಕುವುದಿಲ್ಲ ಎಂದೆ. ದೇಸಾಯರು ಒಂದಕ್ಕೂ ದನಿ ಏರಿಸಲಿಲ್ಲ. ಅವರ ತಮ್ಮ ಹಿಂದೊಮ್ಮೆ ಆಷಾಢದಲ್ಲಿ ಹೊಸ ಮನೆಗೆ ಹೊಕ್ಕನಂತೆ, ವರ್ಷ ತುಂಬುವುದರೊಳಗೆ ತೀರಿಹೋದನಂತೆ. “ನಂದು ಹುಚ್ಚು ಅನ್ರಿ ಬೇಕಾದ್ರ. ಗುರುಗಳಿಗೆ ಏನರೆ ಆದ್ರ ನಾ ತಡಕೊಳ್ಳಂಗಿಲ್ಲ,” ಎಂದರು. ಆ ಮನುಷ್ಯನಿಗೆ ಪೀಟರ್ ಮಾಮ್ ಮೇಲೆ ಇದ್ದ ಪ್ರೀತಿ ನಿಜ. ಅದರ ಎದುರು ಏನು ವಾದ ಮಾಡುವುದು?

ಪೀಟರ್ ಮಾಮ್‌ರನ್ನೇ ಕೇಳೋಣವೆಂದು ಅವರ ಮನೆಗೆ ಹೋದೆ. ಅವರೇನಾದರೂ ಗದರಿಸಿದರೆ ದೇಸಾಯರು ಬಗ್ಗುತ್ತಿದ್ದರು. ಅವರು ನಕ್ಕುಬಿಟ್ಟರು. “ದೇಸಾಯರ ಮನಸ್ಸಿಗೆ ಸಮಾಧಾನ ಬೇಕಲ್ಲ ಹಂಝ. ಪಾಪ, ನನಗೋಸ್ಕರ ಇಷ್ಟೆಲ್ಲ ಮಾಡ್ತಾ ಇದ್ದಾರೆ. ನನಗೂ ಒಳ್ಳೆದೇ. ಅಷ್ಟು ದಿನ ಬಾಯಿ ಮುಚ್ಚಿ ಕೂತರೆ ಸ್ವರ ಒಟ್ಟಾಗ್ತದೆ.”

ಅಡುಗೆಮನೆಯ ಬಾಗಿಲಲ್ಲಿ ನಿಂತಿದ್ದ ಲಿಲ್ಲಿ ಬಾಯಿ ಕೈ ಒರೆಸಿಕೊಂಡು ಹೊರಗೆ ಬಂದರು. ನನ್ನನ್ನು ಲಿಫ್ಟಿನವರೆಗೆ ಬಿಡಲು ಬಂದಾಗ ಹೇಳಿದರು: “ಮಲಗಿದಾಗ ಅವರ ಉಸಿರಲ್ಲಿ ಒಂದು ಸದ್ದು ಬರ್ತಾ ಉಂಟು. ನಾನು ಆಸ್ಪತ್ರೆಯಲ್ಲಿ ಆ ಸದ್ದು ಕೇಳಿದವಳು. ದಾರಿ ಸಣ್ಣ ಆಗ್ತಾ ಉಂಟು ಹಂಝ.” ಡಾಕ್ಟರಿಗೆ ಹೇಳಿದ್ದೀರಾ ಎಂದು ಕೇಳಿದೆ. ಹೇಳಿದ್ದರು. ಧೂಳಿಗೆ ಹೊರಗೆ ಬಿಡಬೇಡಿ, ಕಷ್ಟವಾದರೆ ತಕ್ಷಣ ಕರೆತನ್ನಿ ಎಂದಿದ್ದರಂತೆ. ಲಿಫ್ಟು ಬಂತು, ನಾನು ಹೊಕ್ಕೆ.

ಅವತ್ತಿನಿಂದ ಪೀಟರ್ ಮಾಮ್ ಮೌನ ಹಿಡಿದರು. ನಮ್ಮವರು ರಮಜಾನಿನ ಉಪವಾಸದ ನೋಂಬು ಹಿಡಿದ ಹಾಗೆ, ಪಟ್ಟಾಗಿ. ಹೌದು ಎನ್ನಲು ಬೆರಳ ಗೆಣ್ಣಿನಿಂದ ಮೇಜು ತಟ್ಟುತ್ತಿದ್ದರು, ಬೇಡ ಎನ್ನಲು ಅಂಗೈ ತೋರಿಸುತ್ತಿದ್ದರು. ಸಾಯಂಕಾಲ ಆಫೀಸು ಬಿಟ್ಟು ಹೋಗುವಾಗ ನಾನು ಆಗಾಗ ಅವರಲ್ಲಿಗೆ ಹೋಗುತ್ತಿದ್ದೆ. ಅವರು ಕಿವಿಗೆ ಹೆಡ್‌ಫೋನ್ ಹಾಕಿ ಕೊನೆಯ ಹಾಡಿನ ವಾದ್ಯ ಕೇಳುತ್ತ ಕೂತಿರುತ್ತಿದ್ದರು. ಖಾಲಿ ಜಾಗ ಬಂದಾಗ ತುಟಿ ಅಲ್ಲಾಡುತ್ತಿತ್ತು, ಸದ್ದು ಹೊರಡುತ್ತಿರಲಿಲ್ಲ. ಎಂಥ ಮಾತು ಕಟ್ಟಿದ್ದಾರೋ ಎಂದು ಕುತೂಹಲಕ್ಕೆ ಕೇಳಿದರೆ ಕಣ್ಣು ಮಿಟುಕಿಸಿ ಅಂಗೈ ತೋರಿಸುತ್ತಿದ್ದರು. ಈಗ ಹೇಳುವುದಿಲ್ಲ, ಮೈಕಿನ ಎದುರಿಗೇ ಎಂದು ಅರ್ಥ. ನನಗೆ ಆ ಮೌನ ನೋಡಿ ಮೈ ಜುಂ ಎನ್ನುತ್ತಿತ್ತು. ಕೂಡಿಟ್ಟದ್ದನ್ನು ಖರ್ಚು ಮಾಡುವ ದಿನ ಬಂದೇ ಬರುತ್ತದೆ ಎಂದು ಅವರು ನಂಬಿದ್ದರು. ನನಗೆ ಆ ನಂಬಿಕೆ ಬರಲಿಲ್ಲ.

ಆ ವರ್ಷ ಧೂಳು ವಿಪರೀತ. ಗಾಳಿ ಎದ್ದರೆ ಮಧ್ಯಾಹ್ನಕ್ಕೇ ದೀಪ ಹಾಕಬೇಕು. ಬಾಗಿಲ ಸಂದಿಗೆ ಒದ್ದೆ ಟವೆಲು ತುರುಕಿದರೂ ಊಟದ ತಟ್ಟೆಯಲ್ಲಿ ಮರಳು. ಎದುರಿನ ಕಟ್ಟಡ ಇದೆಯೋ ಇಲ್ಲವೋ ತಿಳಿಯುತ್ತಿರಲಿಲ್ಲ. ಪ್ರತಿ ಸಲ ಗಾಳಿ ಎದ್ದಾಗ ನಾನು ಫೋನ್ ಹಿಡಿದು ಕೂರುತ್ತಿದ್ದೆ. ಅನಘಾ ಒಂದು ದಿನ ನನ್ನ ಕೋಣೆಗೆ ಒಬ್ಬಳೇ ಬಂದಳು. ಡ್ರೈವರನನ್ನು ಮೇಲೆ ಬೀದಿಯಲ್ಲಿ ನಿಲ್ಲಿಸಿ ಬಂದಿದ್ದಳು.

“ಅಂಕಲ್, ಲೆಟ್ಸ್ ಜಸ್ಟ್ ರೆಕಾರ್ಡ್ ಹಿಮ್. ಅಪ್ಪನಿಗೆ ಹೇಳೋದು ಬೇಡ.”

ನನಗೂ ಅದೇ ಬೇಕಿತ್ತು. ಇಬ್ಬರೂ ಕೂಡಲೇ ಪೀಟರ್ ಮಾಮ್ ಮನೆಗೆ ಹೋದೆವು. ಅವರು ಕೇಳಿಸಿಕೊಂಡು, ಅನಘಾಳ ತಲೆ ನೇವರಿಸಿ, ಅಂಗೈ ತೋರಿಸಿದರು. ಹುಡುಗಿ ಬಿಡಲಿಲ್ಲ, ಪ್ಲೀಸ್ ಪ್ಲೀಸ್ ಎಂದು ಅತ್ತಳು. ಆಗ ಅವರು ವ್ರತ ಮುರಿದು, ಪಿಸುಮಾತಿನಲ್ಲಿ, “ನಿನ್ನ ಅಪ್ಪನಿಗೆ ಮಾತು ಕೊಟ್ಟಾಗಿದೆ ಮಗಾ,” ಎಂದರು. ಅಷ್ಟು ಹೇಳಲಿಕ್ಕೆ ನಡುವೆ ಒಂದು ಸಲ ನಿಂತು ಉಸಿರೆಳೆದುಕೊಂಡರು. ಆ ಉಸಿರಿನಲ್ಲಿ ಲಿಲ್ಲಿ ಬಾಯಿ ಹೇಳಿದ ಸದ್ದು ನನಗೂ ಕೇಳಿಸಿತು. ತುಕ್ಕು ಹಿಡಿದ ಬಿಜಾಗರಿಯ ಹಾಗೆ ಇತ್ತು. ನಾನು ಅವರ ಬಾಯಿಯಿಂದ ಕೇಳಿದ ಕೊನೆಯ ಮಾತು ಅದು.

ಆಷಾಢ ಇನ್ನೇನು ಕಳೆಯಿತು ಎನ್ನುವಾಗ ಆ ಬೇಸಿಗೆಯ ದೊಡ್ಡ ಗಾಳಿ ಎದ್ದಿತು. ಆಫೀಸಿನಲ್ಲಿ ಎಲ್ಲರೂ ಯಲ್ಲಾ ಯಲ್ಲಾ ಎಂದು ಬೇಗ ಮನೆಗೆ ಹೊರಡುತ್ತಿದ್ದರು. ಲಿಲ್ಲಿ ಬಾಯಿಯ ಫೋನು ಬಂತು. “ಹಂಝ, ಬಾ,” ಎಂದಷ್ಟೇ ಹೇಳಿದರು. ಅವರ ಹಿಂದಿನಿಂದ ಆ ಸದ್ದು ಫೋನಿನಲ್ಲೇ ಕೇಳುತ್ತಿತ್ತು. ಆಂಬುಲೆನ್ಸಿಗೆ ಹೇಳಿದ್ದರು, ಧೂಳಿನಲ್ಲಿ ಅದು ಎಲ್ಲೋ ಸಿಕ್ಕಿಬಿದ್ದಿತ್ತು. ಅವರ ಕಟ್ಟಡ ನನ್ನ ಆಫೀಸಿನಿಂದ ಎರಡು ಬೀದಿ ಆಚೆ. ನಾನು ಕಾರು ತಂದೆ. ಹಿಂದಿನ ಸೀಟಿನಲ್ಲಿ ಪೀಟರ್ ಮಾಮ್ ಮುಂದಕ್ಕೆ ಬಾಗಿ, ಎರಡೂ ಕೈಯಿಂದ ನನ್ನ ಸೀಟಿನ ಬೆನ್ನು ಹಿಡಿದು ಕೂತಿದ್ದರು. ಪ್ರತಿ ಉಸಿರಿಗೂ ನನ್ನ ಸೀಟು ಅಲುಗುತ್ತಿತ್ತು. ಮುಂದೆ ಕೆಂಪು ಧೂಳು ಬಿಟ್ಟರೆ ಏನೂ ಇಲ್ಲ, ಮುಂದಿನ ಗಾಡಿಯ ಹಿಂಬದಿಯ ದೀಪದ ಬಾಲ ಹಿಡಿದು ಹೋಗುವುದು. ಯಾ ಅಲ್ಲಾಹ್, ಇವರ ಉಸಿರು ನಿಲ್ಲುವುದನ್ನು ನನಗೆ ತೋರಿಸಬೇಡ ಎಂದು ಬೇಡಿಕೊಳ್ಳುತ್ತ ಓಡಿಸಿದೆ. ಆಸ್ಪತ್ರೆಯ ಬಾಗಿಲಲ್ಲಿ ಗಾಲಿಕುರ್ಚಿಗೆ ಹತ್ತಿಸುವಾಗ ಅವರ ತುಟಿ ನೀಲಿಯಾಗಿತ್ತು.

ಜೀವ ಉಳಿಯಿತು. ಕುತ್ತಿಗೆಯಲ್ಲಿ ತೂತು ಮಾಡಿ ಕೊಳವೆ ಇಟ್ಟರು. ಗಾಳಿ ಈಗ ಅಲ್ಲಿಂದಲೇ ಒಳಗೆ ಹೋಗಿ ಅಲ್ಲಿಂದಲೇ ಹೊರಗೆ ಬರುತ್ತಿತ್ತು, ಗಂಟಲಿನ ತನಕ ಏರುತ್ತಲೇ ಇರಲಿಲ್ಲ. ಗಡ್ಡೆ ದಾರಿಯನ್ನು ಪೂರ್ತಿ ಮುಚ್ಚಿತ್ತು, ಇನ್ನು ಕಾಯುವ ಹಾಗಿಲ್ಲ ಎಂದು ಅದೇ ವಾರ ಧ್ವನಿಪೆಟ್ಟಿಗೆಯನ್ನೂ ತೆಗೆದರು. ಶ್ರಾವಣದ ಮೊದಲನೇ ಶುಕ್ರವಾರ, ದೇಸಾಯರು ದೀಪ ಹಚ್ಚಬೇಕೆಂದಿದ್ದ ಗಳಿಗೆಗೆ, ನಾವೆಲ್ಲ ಆಸ್ಪತ್ರೆಯ ಕಾರಿಡಾರಿನಲ್ಲಿ ಕೂತಿದ್ದೆವು.

“ಖಲಾಸ್ ದೇಸಾಯರೇ. ನಿಮ್ಮ ಆಷಾಢ ಮುಗಿಯಿತು,” ಎಂದೆ. ಬೇಕೆಂದೇ ಹೇಳಿದೆ, ನಾಟಲಿ ಎಂದು ಹೇಳಿದೆ.

ಅವರು ನನ್ನನ್ನು ನೋಡಿದರು. “ಒಳ್ಳೇದಾಗ್ಲಿ ಅಂತ ಮಾಡಿದ್ನಲ್ರೀ,” ಎಂದರು. ಆಮೇಲೆ ಅಷ್ಟು ದೊಡ್ಡ ಇಂಜಿನಿಯರು ಅನಘಾಳ ಹೆಗಲಿಗೆ ಮುಖ ಒತ್ತಿ ಕುಳಿತುಬಿಟ್ಟರು.

ಆಲ್ಬಮ್ ನಿಂತುಹೋಯಿತು. ದೇಸಾಯರು ಫೋನ್ ಎತ್ತುತ್ತಿರಲಿಲ್ಲ. ಆ ಖಾಲಿ ಜಾಗಗಳನ್ನು ಅನಘಾಳೇ ತುಂಬಲಿ, ಪೀಟರ್ ಮಾಮ್ ದನಿಯನ್ನೇ ಅನುಕರಿಸಿ ಹಾಡಬಲ್ಲಳು ಎಂದು ಸಿನಿಮಾದವರು ಹೇಳಿಕಳಿಸಿದರು. ಅವಳು ಒಪ್ಪಲಿಲ್ಲ. ಆ ಹಾಡನ್ನೇ ತೆಗೆದುಬಿಡಿ ಎಂದರು. ಅದಕ್ಕೆ ನಾನು ಒಪ್ಪಲಿಲ್ಲ.

ಅಕ್ಟೋಬರಿನಲ್ಲಿ ಸೆಕೆ ಮುರಿದ ಮೇಲೆ ಒಂದು ಶನಿವಾರ ಬೆಳಿಗ್ಗೆ ಕೋಣೆಯ ಬಾಗಿಲು ತಟ್ಟಿದ ಸದ್ದಾಯಿತು. ಪೀಟರ್ ಮಾಮ್, ಹಿಂದೆ ಲಿಲ್ಲಿ ಬಾಯಿ. ಇನ್ನಷ್ಟು ಇಳಿದುಹೋಗಿದ್ದರು. ನೇರ ಒಳಗೆ ಬಂದು ಗಾಜಿನ ಆಚೆ ಮೈಕಿನ ಮುಂದೆ ನಿಂತು, ಹೆಡ್‌ಫೋನ್ ಹಾಕಿಕೊಂಡು ನನ್ನತ್ತ ನೋಡಿದರು. ಹಾಡು ಹಾಕು ಎಂದು ಕೈ ಮಾಡಿದರು.

ನಾನು ಲಿಲ್ಲಿ ಬಾಯಿಯನ್ನು ನೋಡಿದೆ. “ಹೇಳಿದ್ದು ಕೇಳ್ತಾರಾ ಇವರು? ಬೆಳಿಗ್ಗೆ ಎದ್ದು ಅಂಗಿ ಹಾಕಿ ಬಾಗಿಲಲ್ಲಿ ನಿಂತದ್ದು. ಅವರು ಹೇಳಿದ ಹಾಗೆ ಮಾಡು,” ಎಂದರು.

ಹಾಡು ಹಾಕಿದೆ. ಕೋರಸ್ ಬಂತು: “ಹಡಗು ಬಂತು, ನೀನೆಲ್ಲಿ?” ಪೀಟರ್ ಮಾಮ್ ಕತ್ತಿನ ಕರ್ಚೀಫು ಸರಿಸಿ, ಬಗ್ಗಿ, ಕುತ್ತಿಗೆಯ ಆ ತೂತನ್ನು ಮೈಕಿಗೆ ಕೊಟ್ಟರು. ದನಿಯಿಲ್ಲ, ಬರೀ ಉಸಿರು. ಆದರೆ ಸುಮ್ಮನೆ ಆಡುವ ಉಸಿರಲ್ಲ ಅದು. ತಾಳದ ಪಕ್ಕದಲ್ಲೇ ನಡೆಯುತ್ತ, ಒಮ್ಮೆ ಹಿಂದೆ ಉಳಿದು, ಒಮ್ಮೆ ಮುಂದೆ ಹಾರಿ, ಜಾಗ ಮುಗಿಯುವ ಹೊತ್ತಿಗೆ ಸರಿಯಾಗಿ ನಿಂತಿತು. ಮತ್ತೆ ಕೋರಸ್ಸು, ಮತ್ತೆ ಉಸಿರು. ಅವರ ತುಟಿಯೂ ಆಡುತ್ತಿತ್ತು. ಬೇಸಿಗೆಯಿಡೀ ಕಟ್ಟಿದ್ದ ಮಾತು ಅಲ್ಲಿತ್ತು, ಏನೆಂದು ನಮಗೆ ತಿಳಿಯಲಿಲ್ಲ. ನಾನು ಗಾಜಿನ ಈ ಕಡೆ ಕೂತು ಮಗುವಿನ ಹಾಗೆ ಅತ್ತೆ. ಮುಗಿದ ಮೇಲೆ ಅವರು ಗೆಣ್ಣಿನಿಂದ ಸ್ಟ್ಯಾಂಡನ್ನು ತಟ್ಟಿ, ಹೇಗಿದೆ ಎನ್ನುವಂತೆ ಹುಬ್ಬು ಹಾರಿಸಿದರು.

ನವೆಂಬರಿನಲ್ಲಿ ಲಿಲ್ಲಿ ಬಾಯಿ ಅವರನ್ನು ಮಂಗಳೂರಿಗೆ ಕರೆದುಕೊಂಡು ಹೋದರು. ರೋಗ ಬೇರೆ ಕಡೆಗೂ ಇಳಿದಿತ್ತು. ಕ್ರಿಸ್‌ಮಸ್ಸಿಗೆ ಮೊದಲೇ ತೀರಿಕೊಂಡರು.

ಸುದ್ದಿ ಬಂದ ಮರುದಿನ ದೇಸಾಯರು ಕೋಣೆಗೆ ಬಂದರು. ಆಸ್ಪತ್ರೆಯ ನಂತರ ನಾವು ಒಬ್ಬರ ಮುಖ ಒಬ್ಬರು ನೋಡಿರಲಿಲ್ಲ. ಹಣೆಯಲ್ಲಿ ಕುಂಕುಮ ಇರಲಿಲ್ಲ, ಅಂಗಿ ಮುದುಡಿತ್ತು. ನಾನೂ ಹಳೆಯ ಸಿಟ್ಟು ತೆಗೆಯಲಿಲ್ಲ, ಕುರ್ಚಿ ಎಳೆದು ಕೊಟ್ಟೆ. ಕೊನೆಯ ಹಾಡನ್ನು ಹಾಕಿದೆ. ಉಸಿರನ್ನು ನಾನು ವಾದ್ಯದ ಅಡಿಯಲ್ಲಿ ಮೆಲ್ಲಗೆ ಇಟ್ಟಿದ್ದೆ, ಕೇಳುವವರಿಗೆ ಭಯವಾಗಬಾರದೆಂದು. ಮೊದಲ ಕೋರಸ್ ಮುಗಿದು ಅದು ಬಂದಾಗ ದೇಸಾಯರ ಬೆನ್ನು ನೆಟ್ಟಗಾಯಿತು.

“ಇದು ಗುರುಗಳೇನ್ರೀ?”

“ಹೌದು.”

ಎರಡನೆಯ ಸಲ ಬಂತು, ಮೂರನೆಯ ಸಲ ಬಂತು. ಅವರು ಕೈ ಮುಂದೆ ಚಾಚಿದರು.

“ಸ್ವಲ್ಪ ಜೋರು ಮಾಡ್ರಿ ಹಂಝಾ ಭಾಯಿ.”

ಏರಿಸಿದೆ.

“ಇನ್ನೂ.”

ಏರಿಸಿದೆ. ತುತ್ತೂರಿ, ಅನಘಾ, ಕೋರಸ್ಸು ಎಲ್ಲ ಹಿಂದೆ ಸರಿದವು. ಕೋಣೆಯ ತುಂಬ ಸತ್ತ ಮನುಷ್ಯನ ಉಸಿರು. ಸದ್ದಿನ ಮಟ್ಟ ತೋರಿಸುವ ಮೀಟರಿನ ಕೆಂಪು ದೀಪ ಹೊತ್ತಿಕೊಂಡಿತು.

“ಇನ್ನು ಏರಿಸಿದರೆ ಸದ್ದು ಒಡೆದು ಹೋಗ್ತದೆ ದೇಸಾಯರೇ,” ಎಂದೆ.

“ಒಡೀಲಿ ಬಿಡ್ರಿ,” ಎಂದರು ಅವರು. “ನಾ ಕೇಳ್ಬೇಕು.”